ಸೆರಗಿನ ಕುಚ್ಚು, ಗಂಟೆಯ ಲೆಕ್ಕ: ತುಮಕೂರಿನ ಒಂದು ಮನೆ ಉದ್ಯಮ

ತುಮಕೂರಿನಲ್ಲಿರುವ ನನ್ನ ಅತ್ತಿಗೆ ಸೀರೆಗೆ ಕುಚ್ಚು ಹಾಕುತ್ತಾರೆ. ಬೋರ್ಡು ಇಲ್ಲ, ಮಳಿಗೆ ಇಲ್ಲ. ನಡುಮನೆಯ ಕಿಟಕಿ ಪಕ್ಕ ಒಂದು ಚಾಪೆ, ಒಂದು ಕುರ್ಚಿ, ದಾರದ ರೀಲುಗಳನ್ನು ಜೋಡಿಸಿಟ್ಟ ಎರಡು ಪ್ಲಾಸ್ಟಿಕ್ ಡಬ್ಬ. ಹೈಸ್ಕೂಲಿನ ಹೊಲಿಗೆ ತರಗತಿಯಲ್ಲಿ ಕಲಿತ ಕ್ರೋಶಾ, ಅಂದರೆ ಕೊಕ್ಕೆಯಿಂದ ಹಾಕುವ ಹೆಣಿಗೆ, ಅವರಿಗೆ ಮೂವತ್ತು ವರ್ಷದ ಗೀಳು. ಅದು ಸಂಪಾದನೆಯ ದಾರಿಯಾಗಿದ್ದು ಈಚೆಗೆ. ಆ ಬದಲಾವಣೆ ಹೇಗಾಯಿತು, ಎಲ್ಲಿ ಎಡವಿತು ಅನ್ನುವುದೇ ಈ ಬರಹ.

ಹೆಸರು ಹಾಕಬೇಡ ಅಂದಿದ್ದಾರೆ. ಲೆಕ್ಕದ ಪುಸ್ತಕ ಬೇಕಾದರೆ ತೋರಿಸು ಅಂದಿದ್ದಾರೆ. ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವಳು, ಹಾಗಾಗಿ ನನಗೆ ಪುಸ್ತಕವೇ ಸಾಕು. ಕಸೂತಿ, ಹೆಣಿಗೆ ಚೆನ್ನಾಗಿ ಬರುವ ಹೆಂಗಸರು ನಮ್ಮ ಕಡೆ ಬೀದಿಗೊಬ್ಬರು ಸಿಗುತ್ತಾರೆ. ತಾವು ಕೂತ ಗಂಟೆಯನ್ನು ಬರೆದಿಟ್ಟವರು ಮಾತ್ರ ಕಡಿಮೆ. ಅತ್ತಿಗೆ ಬರೆದಿಡಲು ಶುರು ಮಾಡಿದ ಮೇಲೆ ಏನೇನು ಬದಲಾಯಿತು ಅನ್ನುವುದನ್ನೇ ನಾನು ಮುಖ್ಯವಾಗಿ ಹೇಳಬೇಕು.

ಸ್ವೆಟರ್ ಯಾಕೆ ಆಗಲಿಲ್ಲ

ಮೊದಲು ಅವರು ಮಾರಲು ನೋಡಿದ್ದು ಕೂಸುಗಳ ಸ್ವೆಟರ್, ಕುಲಾವಿ, ಕಾಲುಚೀಲ. ನಮ್ಮ ಸಂಬಂಧಿಕರಲ್ಲಿ ಅತ್ತಿಗೆಯ ಕುಲಾವಿ ಹಾಕದೆ ಬೆಳೆದ ಮಗು ಇಲ್ಲ. 2021ರಲ್ಲಿ ಅಣ್ಣನ ಕಂಪನಿಯಲ್ಲಿ ಸಂಬಳ ಕಡಿತವಾದಾಗ, "ಇಷ್ಟು ಚೆನ್ನಾಗಿ ಹಾಕ್ತೀರಲ್ಲ, ಮಾರಬಾರದಾ?" ಅಂತ ಎಲ್ಲರೂ ಹೇಳಿದರು. ಹೇಳಿದವರಲ್ಲಿ ಕೊಂಡವರು ಯಾರೂ ಇರಲಿಲ್ಲ.

ಒಂದು ಕೂಸಿನ ಸ್ವೆಟರ್‌ಗೆ ಅವರಿಗೆ ಹನ್ನೆರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಉಲ್ಲನ್‌ಗೆ ಸುಮಾರು 200 ರೂಪಾಯಿ. ನಾವು ಉಲ್ಲನ್ ಅಂತ ಕೊಳ್ಳುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅಸಲಿ ಉಣ್ಣೆಗೆ ಹೋದರೆ ಖರ್ಚು ಇನ್ನೂ ಏರುತ್ತದೆ. ಚಳಿಗಾಲ ಬಂದರೆ ಟಿಬೆಟಿನವರು ಬಂದು ಸ್ವೆಟರ್ ಅಂಗಡಿ ಹಾಕುತ್ತಾರೆ. ಲೂಧಿಯಾನದ ಮಷಿನ್ ಮಾಲು ಅಲ್ಲಿ ಇನ್ನೂರೈವತ್ತು, ಮುನ್ನೂರಕ್ಕೆ ಸಿಗುತ್ತದೆ. ಅತ್ತಿಗೆ 450 ಅಂದರೆ ಕೊಳ್ಳುವವರ ಮುಖ ಸಣ್ಣಗಾಗುತ್ತದೆ. ಅವರ ತಪ್ಪೂ ಅಲ್ಲ. ನಮ್ಮ ಕಡೆ ಸ್ವೆಟರ್ ಬೇಕೆನಿಸುವ ಚಳಿ ಎರಡು ತಿಂಗಳು ಇದ್ದರೆ ಹೆಚ್ಚು, ಮಗು ಅಷ್ಟರಲ್ಲಿ ಬೆಳೆದುಬಿಡುತ್ತದೆ. ಎಂಟು ಸ್ವೆಟರ್ ಮಾರಿ ಅತ್ತಿಗೆ ಆ ದಾರಿ ಬಿಟ್ಟರು. ಬಿಟ್ಟಿದ್ದು ಸರಿ ಅಂತ ನನ್ನ ಅಭಿಪ್ರಾಯ. ಮಷಿನ್ ಮಾಡಬಲ್ಲ ವಸ್ತುವಿನಲ್ಲಿ ಕೈ ಕೆಲಸದವರು ಬೆಲೆಗೆ ಪೈಪೋಟಿ ಕೊಡುವುದು ಕಷ್ಟ.

ಕುಚ್ಚಿಗೆ ಆ ತೊಂದರೆ ಇಲ್ಲ. ಸೀರೆ ಗಿರಾಕಿಯದು. ಅದರ ಬಣ್ಣ, ಅಂಚು, ಸೆರಗು ಬೇರೆ ಬೇರೆ. ಪ್ರತಿ ಸೀರೆಗೂ ಮ್ಯಾಚಿಂಗ್ ದಾರ ಹುಡುಕಿ, ಆ ಸೀರೆಯ ಮೇಲೆಯೇ ಕೂತು ಹಾಕಬೇಕು. ಸಿದ್ಧವಾಗಿ ಸಿಗುವ ಕುಚ್ಚಿನ ಲೇಸು ಇದೆ, ತಂದು ಹೊಲಿದುಬಿಡಬಹುದು. ಆದರೆ ರೇಷ್ಮೆ ಸೀರೆಗೆ ಹದಿನೈದು ಸಾವಿರ ಕೊಟ್ಟವರಿಗೆ ಅದು ಮನಸ್ಸಿಗೆ ಬರುವುದಿಲ್ಲ.

ಕೆಲಸ ಯಾವ ಥರದ್ದು

ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಸೀರೆಯ ಸೆರಗಿನ ತುದಿ ಅಗಲ ಸುಮಾರು 46 ಇಂಚು. ಬೇಬಿ ಕುಚ್ಚು ಅಂದರೆ ಸಣ್ಣ ಸಣ್ಣ ಗೊಂಡೆ, ಅರ್ಧ ಇಂಚಿಗೊಂದು. ಅಲ್ಲಿಗೆ ಒಂದು ಸೀರೆಗೆ 92 ಕುಚ್ಚು. ಪ್ರತಿಯೊಂದಕ್ಕೂ ಎಳೆಗಳ ಕಟ್ಟನ್ನು ಸೂಜಿಯಿಂದ ಸೆರಗಿನ ಅಂಚಿಗೆ ಪೋಣಿಸಬೇಕು, ಮಡಚಿ ಗಂಟು ಹಾಕಬೇಕು, ಕುತ್ತಿಗೆಗೆ ಜರಿ ದಾರ ಸುತ್ತಬೇಕು, ಕೆಳಗೆ ಸಮನಾಗಿ ಕತ್ತರಿಸಬೇಕು. ಕ್ರೋಶಾ ಕುಚ್ಚಿನಲ್ಲಿ ಮೊದಲು ಅಂಚಿನುದ್ದಕ್ಕೂ ಕೊಕ್ಕೆಯಿಂದ ಸರಪಳಿ, ಕಮಾನು ಹೆಣೆದು, ನಡುನಡುವೆ ಮಣಿ ಕೂರಿಸಿ, ಅದರ ಕೆಳಗೆ ಕುಚ್ಚು ಇಳಿಬಿಡುತ್ತಾರೆ. ಮದುವೆ ಹೆಣ್ಣಿನ ಸೀರೆಗೆ ಎರಡು ಮೂರು ಸಾಲು ಕಮಾನು, ಮುತ್ತು, ಜುಮುಕಿಯಂಥ ಮಣಿ, ಕೆಲವರು ನವಿಲು, ಕಮಲ ಕೂಡ ಕೇಳುತ್ತಾರೆ.

ಕಾಂಚೀಪುರ, ಧರ್ಮಾವರಂ ಸೀರೆಗಳು ಮಗ್ಗದಿಂದ ಬರುವಾಗ ತುದಿಯಲ್ಲಿ ಬಿಡಿ ಎಳೆ ಇರುತ್ತದೆ. ಅದನ್ನು ಹಾಗೆಯೇ ಗಂಟು ಹಾಕಿಯೂ ಕುಚ್ಚು ಮಾಡಬಹುದು. ಮೈಸೂರು ಸಿಲ್ಕ್ ಕ್ರೇಪ್ ತೆಳು, ಜಾರುತ್ತದೆ. ಅದಕ್ಕೆ ಮೊದಲು ಅಂಚು ಮಡಚಿ ಹೊಲಿದು ಗಟ್ಟಿ ಮಾಡಿಕೊಳ್ಳದಿದ್ದರೆ ಮಣಿಯ ಭಾರಕ್ಕೆ ಬಟ್ಟೆಯೇ ಜಗ್ಗುತ್ತದೆ. ಟಸರ್‌ಗೆ ಭಾರದ ಮಣಿ ಬೇಡವೇ ಬೇಡ ಅಂತ ಅತ್ತಿಗೆ ಗಿರಾಕಿಗೆ ನೇರವಾಗಿ ಹೇಳುತ್ತಾರೆ. ಕೆಲವರು ಬೇಜಾರು ಮಾಡಿಕೊಂಡು ಬೇರೆ ಕಡೆ ಹೋಗಿದ್ದೂ ಇದೆ.

ಇನ್ನೊಂದು ಮಾತು. ಅಂಗಡಿಗಳಲ್ಲಿ ಸಿಲ್ಕ್ ಥ್ರೆಡ್ ಅಂತ ಮಾರುವ ರೀಲಿನಲ್ಲಿ ರೇಷ್ಮೆ ಇರುವುದು ಅಪರೂಪ. ಹೆಚ್ಚಿನದು ರೇಯಾನ್. ಹೊಳಪು ಚೆನ್ನಾಗಿದೆ, ಬೆಲೆ ಕಡಿಮೆ, ಆದರೆ ಕೆಲವು ಗಾಢ ಬಣ್ಣಗಳು ನೀರು ಸೋಕಿದರೆ ಬಿಡುತ್ತವೆ. ಇದು ಮುಂದೆ ದುಬಾರಿಯಾಯಿತು.

ಅಂಗಡಿಯ ಕೆಲಸ

2022ರಲ್ಲಿ ಒಂದು ಸೀರೆ ಅಂಗಡಿಯವರು ಕೆಲಸ ಕೊಡಲು ಒಪ್ಪಿದರು. ವಾರಕ್ಕೆ ಐದಾರು ಸೀರೆ, ಶ್ರಾವಣದಲ್ಲಿ ಹತ್ತು. ಬೇಬಿ ಕುಚ್ಚಿಗೆ 120, ಕ್ರೋಶಾಕ್ಕೆ 350. ದಾರ, ಮಣಿ ಅತ್ತಿಗೆಯದೇ. ಅಂಗಡಿಯ ಹುಡುಗ ಸೀರೆ ತಂದುಕೊಟ್ಟು ವಾಪಸ್ ಒಯ್ಯುತ್ತಿದ್ದ. ಮನೆಯಿಂದ ಹೊರಗೆ ಕಾಲಿಡಬೇಕಾಗಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿ. ತಿಂಗಳಿಗೆ ಮೂರು ಸಾವಿರದ ಆಸುಪಾಸು ಬರುತ್ತಿತ್ತು. ಅತ್ತಿಗೆಯ ಕುತ್ತಿಗೆ ನೋವು ಶುರುವಾಗಿದ್ದೂ ಆಗಲೇ.

ಎರಡು ವರ್ಷ ಹೀಗೇ ನಡೆಯಿತು. 2024ರ ಬೇಸಿಗೆಯಲ್ಲಿ ನಾನು ತುಮಕೂರಿಗೆ ಹೋಗಿದ್ದಾಗ ಅವರು ರಾತ್ರಿ ಹನ್ನೊಂದರವರೆಗೆ ಕೂತು ಕುಚ್ಚು ಹಾಕುತ್ತಿದ್ದರು. "ಅತ್ತಿಗೆ, ಒಂದು ಸೀರೆಗೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಕೇಳಿದೆ. "ಯಾರಿಗೊತ್ತು, ಮಧ್ಯೆ ಅಡುಗೆ, ಮಧ್ಯೆ ಬಟ್ಟೆ. ಸುಮ್ನೆ ಕೂತಾಗ ಹಾಕ್ತೀನಿ" ಅಂದರು. ನನಗೆ ಈ "ಸುಮ್ನೆ ಕೂತಾಗ" ಅನ್ನುವುದರ ಮೇಲೆ ಅನುಮಾನ ಬಂತು, ಯಾಕೆಂದರೆ ಅವರು ಸುಮ್ಮನೆ ಕೂತಿದ್ದನ್ನು ನಾನು ನೋಡಿಯೇ ಇಲ್ಲ.

ಒಂದು ಹಳೆಯ ಡೈರಿ ಕೊಟ್ಟು, ಕೂತ ಹೊತ್ತು, ಎದ್ದ ಹೊತ್ತು ಬರೆಯಿರಿ ಅಂದೆ. ಒಂದು ತಿಂಗಳು ಬರೆದರು. ಬೇಬಿ ಕುಚ್ಚಿನ ಲೆಕ್ಕ ಹೀಗಿತ್ತು: ಒಂದು ಕುಚ್ಚಿಗೆ ಎರಡೂವರೆ ನಿಮಿಷದಂತೆ 92ಕ್ಕೆ 230 ನಿಮಿಷ. ಅದಕ್ಕೆ ಮೊದಲು ದಾರ ಹೊಂದಿಸಿ ಸುತ್ತಿಕೊಳ್ಳಲು ಇಪ್ಪತ್ತು ನಿಮಿಷ, ಕೊನೆಗೆ ಕತ್ತರಿಸಿ ಹಬೆ ಕೊಟ್ಟು ಎಳೆ ನೇರ ಮಾಡಲು ಇಪ್ಪತ್ತು. ಒಟ್ಟು ನಾಲ್ಕೂವರೆ ಗಂಟೆ. ಬಂದದ್ದು 120, ದಾರಕ್ಕೆ ಹೋದದ್ದು 25. ಉಳಿದ 95 ರೂಪಾಯಿಯನ್ನು ನಾಲ್ಕೂವರೆಯಿಂದ ಭಾಗಿಸಿದರೆ ಗಂಟೆಗೆ 21 ರೂಪಾಯಿ. ಕ್ರೋಶಾ ಕುಚ್ಚಿಗೆ ಒಂಬತ್ತು ಗಂಟೆ, ದಾರ ಮತ್ತು ಮಣಿಗೆ 90, ಉಳಿದದ್ದು 260. ಗಂಟೆಗೆ 29.

ಎಂಟು ಗಂಟೆ ಬೇಬಿ ಕುಚ್ಚು ಹಾಕಿದರೆ 170 ರೂಪಾಯಿಯೂ ಆಗುವುದಿಲ್ಲ. ಆ ವರ್ಷ, ಅಂದರೆ 2024-25ರಲ್ಲಿ, ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದೇ ಅಂಗಡಿ ಗಿರಾಕಿಯಿಂದ ಬೇಬಿ ಕುಚ್ಚಿಗೆ 350, ಕ್ರೋಶಾಕ್ಕೆ 1,000 ತೆಗೆದುಕೊಳ್ಳುತ್ತಿತ್ತು.

ಅತ್ತಿಗೆ ಆ ಹಾಳೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂಗಡಿಯವರಿಗೆ ಫೋನ್ ಮಾಡಿ 180 ಕೇಳಿದರು. "ಮನೇಲೇ ಕೂತು ಮಾಡೋದಲ್ವಾ ಅಮ್ಮಾ, ನಿಮಗೇನು ಬಾಡಿಗೆನಾ ಕರೆಂಟಾ? ಟಿವಿ ನೋಡ್ತಾ ಹಾಕೋ ಕೆಲಸ" ಅನ್ನುವ ಉತ್ತರ ಬಂತು. 140ಕ್ಕೆ ಬಂದು ನಿಂತರು.

ಆ ಮಾಲೀಕರು ಕೆಟ್ಟವರೇನಲ್ಲ, ಹಣ ಯಾವತ್ತೂ ಬಾಕಿ ಇಟ್ಟವರಲ್ಲ. ಅವರು ಹೇಳಿದ್ದು ಬಹಳ ಹಳೆಯ ಮಾತು. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸಿನ ಕೆಲಸ ಇವತ್ತಿಗೂ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಹೆಂಗಸರ ಜೊತೆ ಮಾತಾಡಿ ನಡೆಸಿದ ಅಧ್ಯಯನ 1982ರಲ್ಲಿ ಪುಸ್ತಕವಾಯಿತು. ಲೇಸು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರ ಗಂಡಸರ ಕೈಯಲ್ಲಿತ್ತು, ಹೆಣೆಯುವ ಹೆಂಗಸರನ್ನು ಮಾತ್ರ ಯಾರೂ ಕೆಲಸಗಾರರು ಅಂತ ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ ಅನ್ನುವ ಲೆಕ್ಕ. ಕೂಲಿ ಅಷ್ಟು ಕಡಿಮೆ ಇಡಲು ಆ ನಂಬಿಕೆಯೇ ಸಾಕಾಗಿತ್ತು. ನಾನು ಇದನ್ನು ಅತ್ತಿಗೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಅವರಾದ್ರೂ ಗಂಟೆ ಬರೆದಿಟ್ಟಿದ್ರಾ?"

ನೇರ ಗಿರಾಕಿ

ಅಂಗಡಿ ಬಿಡುವುದು ಅಂದರೆ ಕೈಗೆ ಬರುತ್ತಿದ್ದ ಮೂರು ಸಾವಿರ ಬಿಡುವುದು. ಅಣ್ಣ ಹಿಂದೇಟು ಹಾಕಿದ. ಹಾಗಾಗಿ ಒಮ್ಮೆಲೇ ಬಿಡಲಿಲ್ಲ. ವಾರಕ್ಕೆ ಎರಡೇ ಸೀರೆ ಅಂತ ಕಡಿಮೆ ಮಾಡಿ, ಉಳಿದ ಹೊತ್ತನ್ನು ತಮ್ಮದೇ ಗಿರಾಕಿಗೆ ಇಟ್ಟುಕೊಂಡರು.

ದರ ಹೇಗೆ ಇಡುವುದು ಅನ್ನುವುದರ ಮೇಲೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಪಕ್ಕದ ಬೀದಿಯವರು 250ಕ್ಕೆ ಹಾಕ್ತಾರೆ, ನಾನು 240 ಇಡ್ತೀನಿ" ಅನ್ನುವುದು ಅತ್ತಿಗೆಯ ಮೊದಲ ಯೋಚನೆ. ಎಲ್ಲ ಮನೆ ಉದ್ಯಮಗಳೂ ಇಲ್ಲಿಂದಲೇ ಶುರುವಾಗುತ್ತವೆ, ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ನಾನು ಗಂಟೆಗೆ 60 ರೂಪಾಯಿ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿ ಅಂದೆ. ನಾಲ್ಕೂವರೆ ಗಂಟೆಗೆ 270, ದಾರ 25, ಹಾಳಾಗುವ ದಾರ, ಫೋನು, ಕರೆಂಟಿಗೆ ಅಂತ 30. ಒಟ್ಟು 325. ಬೇಬಿ ಕುಚ್ಚಿಗೆ 350 ಇಟ್ಟರು. ಅಂಗಡಿಯ ದರವೇ. ಕ್ರೋಶಾಕ್ಕೆ 660 ಬಂತು, 800 ಇಟ್ಟರು. ಮದುವೆ ಸೀರೆಗೆ ಇಪ್ಪತ್ತು ಗಂಟೆ, ಸಾಮಾನಿಗೆ 350, ಜೊತೆಗೆ ಇತರ ಖರ್ಚು; 2,000.

ಗಿರಾಕಿ ಬಂದದ್ದು ವಾಟ್ಸ್‌ಆ್ಯಪ್‌ನಿಂದ, ಅದಕ್ಕಿಂತ ಜಾಸ್ತಿ ಅರಿಸಿನ ಕುಂಕುಮದಿಂದ. ಯಾರದೋ ಮನೆಯ ವರಮಹಾಲಕ್ಷ್ಮಿಗೆ ಹೋದ ನಾಲ್ಕು ಹೆಂಗಸರು ಒಂದು ಸೆರಗು ಹಿಡಿದು ನೋಡಿದರೆ ಅದೇ ಜಾಹೀರಾತು. ಅತ್ತಿಗೆ ಹಾಕಿದ ಪ್ರತಿ ಕುಚ್ಚಿನ ಫೋಟೋ ತೆಗೆದು ನಂಬರ್ ಕೊಟ್ಟರು. "ನನಗೆ 14 ಥರದ್ದು" ಅಂತ ಗಿರಾಕಿ ಹೇಳುವಂತಾದ ಮೇಲೆ ವಿವರಿಸುವ ಹೊತ್ತು ಉಳಿಯಿತು.

ಚೌಕಾಸಿ ಇದ್ದೇ ಇತ್ತು. "ಬರೀ ದಾರ ತಾನೇ ಆಂಟಿ, ಯಾಕಿಷ್ಟು?" ಅನ್ನುವವರಿಗೆ ಮೊದಮೊದಲು ಅವರು ಐವತ್ತು ಬಿಟ್ಟುಬಿಡುತ್ತಿದ್ದರು. ಆಮೇಲೆ ಒಂದು ಉಪಾಯ ಹಿಡಿದರು. ದರ ಕಡಿಮೆ ಮಾಡುವುದಿಲ್ಲ, ಕುಚ್ಚಿನ ಅಂತರ ಬದಲಿಸುತ್ತಾರೆ. ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿಗೊಂದು ಹಾಕಿದರೆ 92ರ ಬದಲು 61 ಕುಚ್ಚು, ಒಂದು ಗಂಟೆಗಿಂತ ಜಾಸ್ತಿ ಹೊತ್ತು ಉಳಿಯುತ್ತದೆ. 280ಕ್ಕೆ ಅದು. ಎರಡೂ ಫೋಟೋ ತೋರಿಸಿದರೆ ಹತ್ತರಲ್ಲಿ ಏಳು ಮಂದಿ 350ರದ್ದನ್ನೇ ಆರಿಸುತ್ತಾರೆ.

ಸಂಬಂಧಿಕರ ಪ್ರಶ್ನೆ ಇದಕ್ಕಿಂತ ಕಷ್ಟ. ನಮ್ಮ ಚಿಕ್ಕಮ್ಮ ಮಗಳ ಮದುವೆಗೆ ಆರು ಸೀರೆ ತಂದಿಟ್ಟು, ಕಾಫಿ ಕುಡಿದು, ದುಡ್ಡಿನ ಮಾತೇ ಎತ್ತದೆ ಹೋದರು. ಆರೂ ಬಿಟ್ಟಿಯಾಗಿ ಆಯಿತು. ಆ ಮೇಲೆ ಅತ್ತಿಗೆ ಒಂದು ನಿಯಮ ಮಾಡಿಕೊಂಡರು: ಮದುವೆ ಹೆಣ್ಣಿನ ಒಂದು ಸೀರೆ ಉಡುಗೊರೆ, ಉಳಿದದ್ದಕ್ಕೆ ದರ. ಉಡುಗೊರೆ ಕೊಟ್ಟ ಸೀರೆಗೂ ಚೀಟಿಯಲ್ಲಿ ಬೆಲೆ ಬರೆದು, ಅದರ ಮುಂದೆ "ಉಡುಗೊರೆ" ಅಂತ ಬರೆಯುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಕೊಟ್ಟದ್ದು ಏನು ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಮರೂನ್ ದಾರ

2024ರ ಕಾರ್ತಿಕದಲ್ಲಿ ಕೆನೆ ಬಣ್ಣದ ಟಸರ್ ಸೀರೆಯೊಂದು ಬಂತು, ಮರೂನ್ ಅಂಚು. ಹೊಸ ರೀಲು ತೆಗೆದು ಕುಚ್ಚು ಹಾಕಿ, ಎಳೆ ನೇರ ಮಾಡಲು ಹಬೆ ಕೊಟ್ಟಾಗ ಬಣ್ಣ ಬಿಟ್ಟಿತು. ಸೆರಗಿನ ತುದಿಯಲ್ಲಿ ಎರಡು ಇಂಚು ಗುಲಾಬಿ ಕಲೆ.

ಅತ್ತಿಗೆ ಅದೇ ಸಂಜೆ ಗಿರಾಕಿಗೆ ಫೋನ್ ಮಾಡಿ ಹೇಳಿದರು. ಡ್ರೈಕ್ಲೀನಿಂಗ್‌ನಲ್ಲಿ ಅರ್ಧ ಹೋಯಿತು, ಅರ್ಧ ಉಳಿಯಿತು. ಉಳಿದ ಕಲೆ ಕಾಣದಂತೆ ಕ್ರೋಶಾ ಕಮಾನನ್ನು ಒಂದು ಸಾಲು ಮೇಲಕ್ಕೆ ಏರಿಸಿ ಹಾಕಿಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ, ಮೇಲೆ 1,500 ಕೊಟ್ಟರು. ಆ ತಿಂಗಳ ಸಂಪಾದನೆಯಲ್ಲಿ ದೊಡ್ಡ ತೂತು. ಆ ಗಿರಾಕಿ ಈಗಲೂ ಬರುತ್ತಾರೆ.

ಆ ನಂತರ ಎರಡು ಪದ್ಧತಿ ಬಂದವು. ಹೊಸ ರೀಲು ಯಾವುದೇ ಇರಲಿ, ಎರಡು ಎಳೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಇಸ್ತ್ರಿ ಒತ್ತಿ ನೋಡುತ್ತಾರೆ. ಬಣ್ಣ ಬಿಟ್ಟರೆ ಆ ರೀಲು ಸೀರೆಗೆ ಇಲ್ಲ. ಇನ್ನೊಂದು, ಸೀರೆ ಕೈಗೆ ಬಂದ ತಕ್ಷಣ ಸೆರಗಿನ ಎರಡೂ ಬದಿಯ ಫೋಟೋ ತೆಗೆದು ಗಿರಾಕಿಗೇ ಕಳಿಸುತ್ತಾರೆ. ಮೊದಲೇ ಇದ್ದ ಕಲೆ, ಹರಿದ ಎಳೆ ಅದರಲ್ಲಿ ಕಾಣುತ್ತದೆ. ಮುಂಗಡ ಅರ್ಧ, ಕೊಡುವ ದಿನ, ಫೋಟೋ ನಂಬರ್ ಎಲ್ಲ ಅದೇ ಮೆಸೇಜಿನಲ್ಲಿ.

ಸಾಮಾನು, ಬಂಡವಾಳ

ಬಂಡವಾಳ ಅಂತ ದೊಡ್ಡದೇನೂ ಬೇಕಾಗಲಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಅತ್ತಿಗೆ ವಿಚಾರಿಸಿ ಬಿಟ್ಟರು. ಬದಲಿಗೆ ಸ್ತ್ರೀಶಕ್ತಿ ಸಂಘದಿಂದ 15,000 ತೆಗೆದುಕೊಂಡು ನೂರಿಪ್ಪತ್ತು ಬಣ್ಣದ ರೀಲು, ಮಣಿ, ಸಣ್ಣ ಅಳತೆಯ ಸ್ಟೀಲ್ ಕೊಕ್ಕೆಗಳು, ಒಂದು ಒಳ್ಳೆ ದೀಪ ತಂದರು. ದೀಪ ಬಂದ ಮೇಲೆ ಕಣ್ಣುರಿ ಕಡಿಮೆಯಾಯಿತು. ಇಷ್ಟು ದಿನ ಟ್ಯೂಬ್‌ಲೈಟಿನಲ್ಲಿ ಕಪ್ಪು ಸೀರೆಗೆ ಕಪ್ಪು ದಾರ ಹಾಕುತ್ತಿದ್ದರಲ್ಲ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ತುಮಕೂರಿನಲ್ಲಿ ಬಿಡಿಯಾಗಿ ಕೊಳ್ಳುವ ಬದಲು ಬೆಂಗಳೂರಿನ ಚಿಕ್ಕಪೇಟೆ ಸುತ್ತಲಿನ ಗಲ್ಲಿಗಳಿಗೆ ಹೋದರೆ ದಾರ, ಮಣಿ ಮೂರನೇ ಒಂದು ಭಾಗ ಅಗ್ಗ. ಮೊದಲು ಬಸ್ ಖರ್ಚೇ ಆ ಉಳಿತಾಯವನ್ನು ತಿನ್ನುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಟಿಕೆಟ್ ದುಡ್ಡಿಲ್ಲ. ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು. ತಿಂಗಳಿಗೊಮ್ಮೆ ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಉಚಿತ ಬಸ್ಸಿನ ಬಗ್ಗೆ ಊರೆಲ್ಲ ವಾದ ಮಾಡುತ್ತದೆ. ಈ ಪುಸ್ತಕದಲ್ಲಿ ಮಾತ್ರ ಅದು ಅಗ್ಗದ ದಾರವಾಗಿ ಕಾಣುತ್ತದೆ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಒಬ್ಬ ಏಜೆಂಟ್ 1,500 ಕೇಳಿದ. ಅದು ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಅಣ್ಣನ ಮಗಳು ಮೊಬೈಲಿನಲ್ಲೇ ಮಾಡಿಕೊಟ್ಟಳು.

ಆಷಾಢದ ಪ್ರಶ್ನೆ

ಕುಚ್ಚಿನ ವ್ಯಾಪಾರ ಪಂಚಾಂಗದ ಮೇಲೆ ನಿಂತಿದೆ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಗೆ ಎಲ್ಲರಿಗೂ ಅದೇ ವಾರ ಬೇಕು. ಖಾಲಿ ತಿಂಗಳಲ್ಲಿ ಏನು ಮಾಡುವುದು?

ಮಕ್ಕಳ ಸಾಮಾನಿನ ಅಂಗಡಿಯೊಂದು ಕ್ರೋಶಾ ಗೊಂಬೆ ಕೇಳಿತು. ಆನೆ, ಮೊಲ, ಕರಡಿ. ಅತ್ತಿಗೆಗೆ ಆಸೆ, ಒಂದು ಆನೆ ಮಾಡಿಯೂ ಆಗಿತ್ತು. ಆದರೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆ. ಅಂದರೆ ಆ ಕಚೇರಿ ಕೊಡುವ ಗುರುತಿನ ಚೀಟಿ, ಪೆಹಚಾನ್ ಕಾರ್ಡ್, ಮಾಡಿಸಿಕೊಳ್ಳದೆ ಗೊಂಬೆ ಮಾರುವುದು ಸರಿಯಲ್ಲ. ಕೂಸಿನ ಬಾಯಿಗೆ ಹೋಗುವ ವಸ್ತು, ಕಣ್ಣಿಗೆ ಹಾಕಿದ ಮಣಿ ಕಿತ್ತು ಬಂದರೆ ಏನು ಗತಿ ಅನ್ನುವ ಹೆದರಿಕೆ ಅವರಿಗೇ ಇತ್ತು. ಕಾರ್ಡಿಗೆ ಅರ್ಜಿ ಹಾಕಿದ್ದಾರೆ, ಗೊಂಬೆಯನ್ನು ಸದ್ಯಕ್ಕೆ ಬಿಟ್ಟು ಬಾಗಿಲ ತೋರಣಕ್ಕೆ ಇಳಿದರು. ಉಲ್ಲನ್‌ನಲ್ಲಿ ಮಾವಿನೆಲೆ, ಚೆಂಡು ಹೂವು. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೋಗುತ್ತದೆ, ಮೊದಲೇ ಮಾಡಿಟ್ಟುಕೊಳ್ಳಬಹುದು.

ತೋರಣವನ್ನು ಆನ್‌ಲೈನ್‌ನಲ್ಲಿ ಹೊರರಾಜ್ಯಕ್ಕೂ ಮಾರಬಹುದಲ್ಲ ಅಂತ ಅಣ್ಣ ಕೇಳಿದ. ದೊಡ್ಡ ಮಾರಾಟ ತಾಣಗಳ ಮೂಲಕ ಹೊರರಾಜ್ಯಕ್ಕೆ ಸರಕು ಕಳಿಸಬೇಕಾದರೆ ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಅದು ಕಡ್ಡಾಯವಲ್ಲ. ಇಲ್ಲಿ ಒಂದು ಗಂಟು ಇದೆ, ಮನೆ ಉದ್ಯಮದ ಬಗ್ಗೆ ಸಲಹೆ ಕೊಡುವವರು ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಗೃಹಲಕ್ಷ್ಮಿಯ 2,000 ಸಿಗುವುದಿಲ್ಲ. ವರ್ಷಕ್ಕೆ 24,000. ಅಷ್ಟು ಲಾಭ ಹೊರರಾಜ್ಯದ ತೋರಣದಿಂದ ಬರಬೇಕಾದರೆ ಎಷ್ಟು ತೋರಣ ಹೆಣೆಯಬೇಕು? ಅತ್ತಿಗೆ ಬೆರಳು ಮಡಚಿ ಎಣಿಸಿ, "ತುಮಕೂರಿನ ಬಾಗಿಲುಗಳೇ ಸಾಕು" ಅಂದರು. ಕುಚ್ಚು ಹಾಕುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ವಾರ್ಷಿಕ ಮಿತಿ 20 ಲಕ್ಷ. ಅದರ ಹತ್ತಿರಕ್ಕೂ ನಾವಿಲ್ಲ.

ಎರಡು ಕೈ ಸಾಲದಾದಾಗ

ನೇರ ಗಿರಾಕಿ ಹೆಚ್ಚಿದ ಮೇಲೆ ಡೈರಿ ಇನ್ನೊಂದು ವಿಷಯ ತೋರಿಸಿತು. ಅತ್ತಿಗೆಗೆ ದಿನಕ್ಕೆ ಐದು ಗಂಟೆ ಸಿಗುತ್ತದೆ, ತಿಂಗಳಿಗೆ ಸುಮಾರು 125. ಅದರಲ್ಲಿ ಮೂರನೇ ಒಂದು ಭಾಗ ಮಾತಿಗೇ ಹೋಗುತ್ತಿತ್ತು. ಬಣ್ಣ ತೋರಿಸುವುದು, ಫೋಟೋ ಕಳಿಸುವುದು, "ಇನ್ನೊಂಚೂರು ಉದ್ದ ಮಾಡಿ" ಅನ್ನುವವರಿಗೆ ಉತ್ತರ ಕೊಡುವುದು. ಅಂಗಡಿ ನುಂಗುತ್ತಿದ್ದ 230 ರೂಪಾಯಿಯಲ್ಲಿ ಈ ಮಾತಿನ ಕೂಲಿಯೂ ಇತ್ತು ಅಂತ ಆಗ ಅರ್ಥವಾಯಿತು. ಉಳಿದ 85 ಗಂಟೆಗೆ 60ರಂತೆ ಐದು ಸಾವಿರ ಚಿಲ್ಲರೆ ಮಾತ್ರ. ಗಿರಾಕಿಗಳಿಗೆ ಸಂಜೆ ನಾಲ್ಕರಿಂದ ಆರು ಅಂತ ಹೊತ್ತು ಗೊತ್ತು ಮಾಡಿದರು. ದರವನ್ನು 450, 1,000, 2,500ಕ್ಕೆ ಏರಿಸಿದರು. ಕೆಲವರು ಬಿಟ್ಟರು, ಹೆಚ್ಚಿನವರು ಉಳಿದರು.

ಆಮೇಲೆ ಬೀದಿಯ ಇಬ್ಬರಿಗೆ ಕಲಿಸಿ ಬೇಬಿ ಕುಚ್ಚನ್ನು ಅವರಿಗೆ ಕೊಡಲು ಶುರು ಮಾಡಿದರು. ಒಬ್ಬಾಕೆ ಮಧ್ಯವಯಸ್ಸಿನವರು, ಇನ್ನೊಬ್ಬಳು ಮದುವೆಯಾಗಿ ಬಂದ ಹುಡುಗಿ. ದಾರ ಸುತ್ತಿಕೊಡುವುದು, ಕೊನೆಗೆ ಕತ್ತರಿಸಿ ಹಬೆ ಕೊಡುವುದು ಅತ್ತಿಗೆಯೇ. ಅವರಿಗೆ ಉಳಿದ ಕೆಲಸ, ಸೀರೆಗೆ 110 ರೂಪಾಯಿ ಅಂತ ಇಟ್ಟರು.

ಪುಸ್ತಕದಲ್ಲಿ ಆ 110 ನೋಡಿ ನಾನು ಏನೂ ಹೇಳಲಿಲ್ಲ. ಹಳೆಯ ಡೈರಿಯ ಹಾಳೆ ತೆರೆದು ಪಕ್ಕಕ್ಕೆ ಇಟ್ಟೆ. "ಅವರಿನ್ನೂ ಕಲೀತಿದ್ದಾರಲ್ಲ" ಅಂದರು ಅತ್ತಿಗೆ. ಅದು ನಿಜ. ಹೊಸಬರಿಗೆ ಒಂದು ಸೀರೆಗೆ ಆರು ಗಂಟೆ ಹಿಡಿಯುತ್ತಿತ್ತು, ಹತ್ತರಲ್ಲಿ ಒಂದೆರಡು ಸಾಲು ಬಿಚ್ಚಿ ಮತ್ತೆ ಹಾಕಬೇಕಿತ್ತು. ಸೀರೆ ಹಾಳಾದರೆ ಉತ್ತರ ಕೊಡಬೇಕಾದವರೂ ಅತ್ತಿಗೆಯೇ. ಆದರೂ ವಾರ ಕಳೆದ ಮೇಲೆ ಅದನ್ನು 200 ಮಾಡಿದರು. ಕೈ ಕೂತವರಿಗೆ ಅದು ಗಂಟೆಗೆ 52 ರೂಪಾಯಿ. ಅಷ್ಟಾದರೂ ಆ ಸೀರೆಯಲ್ಲಿ ಅತ್ತಿಗೆಗೆ ಸುಮಾರು 195 ಉಳಿಯುತ್ತದೆ, ಕೈ ಕೆಲಸ ನಲವತ್ತು ನಿಮಿಷ. ತಾವೇ ಹಾಕಿದ್ದಕ್ಕಿಂತ ಬೇರೆಯವರು ಹಾಕಿದ್ದರಲ್ಲಿ ಅವರ ಗಂಟೆಗೆ ಬೆಲೆ ಜಾಸ್ತಿ. ಉದ್ಯಮ ಅಂದರೆ ಇದೇ ತಾನೇ ಅಂತ ಅಣ್ಣ ಹೇಳುತ್ತಾನೆ. ಗಿರಾಕಿ ಹುಡುಕುವುದಕ್ಕೂ ಹೊಣೆ ಹೊರುವುದಕ್ಕೂ ಬೆಲೆ ಇದೆ ಅಂತ ನಾನೂ ಒಪ್ಪುತ್ತೇನೆ. ಎಷ್ಟು ಬೆಲೆ ಅನ್ನುವುದರಲ್ಲಿ ನನಗೆ ಇನ್ನೂ ಖಚಿತವಿಲ್ಲ.

2025ರ ಮದುವೆ ಸೀಸನ್ನಿನ ಒಂದು ತಿಂಗಳನ್ನು ತೆಗೆದುಕೊಳ್ಳಿ. ಹನ್ನೆರಡು ಬೇಬಿ ಕುಚ್ಚು, ಐದು ಕ್ರೋಶಾ, ಒಂದು ಮದುವೆ ಸೀರೆ. ಬಂದದ್ದು 12,900. ಸಾಮಾನಿಗೆ 1,100, ಇತರ ಖರ್ಚು 600, ಎಂಟು ಸೀರೆ ಹಾಕಿದ ಇಬ್ಬರಿಗೆ 1,600. ಅತ್ತಿಗೆಗೆ ಉಳಿದದ್ದು 9,600, ಅವರು ಕೂತದ್ದು 88 ಗಂಟೆ. ಮಾತಿನ ಹೊತ್ತು ಬೇರೆ. ಆಷಾಢದಲ್ಲಿ ಇದು ಎರಡು ಸಾವಿರಕ್ಕೆ ಇಳಿಯುತ್ತದೆ. ಕುತ್ತಿಗೆ ನೋವು ಪೂರ್ತಿ ಹೋಗಿಲ್ಲ, ಅದಕ್ಕೆ ಈಗ ಪ್ರತಿ ಗಂಟೆಗೆ ಎದ್ದು ಓಡಾಡುತ್ತಾರೆ, ಡೈರಿಯಲ್ಲಿ ಅದನ್ನೂ ಬರೆಯುತ್ತಾರೆ.

ಹಳೆಯ ಅಂಗಡಿಯವರು ಈ ಸಲ ಶ್ರಾವಣಕ್ಕೆ ಮೊದಲು ತಾವೇ ಮನೆಗೆ ಬಂದರು, ಮೂವತ್ತು ಸೀರೆ ಇದೆ ಅಂದರು. ಅತ್ತಿಗೆ ಬೇಬಿ ಕುಚ್ಚಿಗೆ 280 ಹೇಳಿದರು. ಅವರು ಎಂಟು ಸೀರೆ ಇಟ್ಟು, ಉಳಿದದ್ದನ್ನು ಬೇರೆ ಯಾರಿಗೋ ಒಯ್ದರು.

ಆ ಹುಡುಗಿ ಹೋದ ತಿಂಗಳು ಕ್ರೋಶಾ ಕಲಿಸಿ ಅಂತ ಕೇಳಿದಳು. ಜೊತೆಗೆ, ತನ್ನ ತವರಿನ ಕಡೆಯ ಗಿರಾಕಿಗಳನ್ನು ತಾನೇ ನೋಡಿಕೊಳ್ಳಬಹುದಾ ಅಂತಲೂ. ಅತ್ತಿಗೆಗೆ ಮೊದಲು ಇಷ್ಟವಾಗಲಿಲ್ಲ, ಎರಡು ದಿನ ಮುಖ ಬಿಗಿದುಕೊಂಡೇ ಇದ್ದರು. ಆಮೇಲೆ ಒಪ್ಪಿದರು. ಬೇಬಿ ಕುಚ್ಚಿಗೆ 400ಕ್ಕಿಂತ ಕಡಿಮೆ ತೆಗೆದುಕೊಳ್ಳಬಾರದು ಅನ್ನುವುದು ಒಂದೇ ಷರತ್ತು.